ಸಿಂಹಾಸನ ಬರ್ಲಿನ್ನಿನಲ್ಲಿ, ಅರಸ ಫುಂಬಾನ್‌ನಲ್ಲಿ

(ಓದುಗರ ಬಳಗವೊಂದರ ಭಾನುವಾರದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನನ್ನನ್ನು ಪರಿಚಯಿಸುವಾಗ ಅಧ್ಯಕ್ಷರು ಪ್ರೀತಿಯಿಂದ ‘ಆಫ್ರಿಕಾ ನೋಡಿ ಬಂದವರು’ ಎಂದರು. ಆಫ್ರಿಕಾ ನೋಡಿ ಮುಗಿಸುವುದು ಯಾರ ಕೈಯಲ್ಲೂ ಆಗದ ಕೆಲಸ. ಅಲ್ಲಿ ಐವತ್ತಕ್ಕೂ ಹೆಚ್ಚು ದೇಶಗಳಿವೆ. ಇವತ್ತು ನಾನು ಮಾತಾಡುವುದು ಅವುಗಳಲ್ಲಿ ಒಂದು ದೇಶದ ಒಂದು ಊರಿನ ಬಗ್ಗೆ. ಆ ಊರಿನಲ್ಲೂ ಒಂದು ಅರಮನೆ, ಅದರ ಮಗ್ಗುಲಿನ ಮ್ಯೂಸಿಯಂ, ಅಲ್ಲಿಂದ ನಡೆದೇ ಹೋಗಬಹುದಾದ ಕುಶಲಕರ್ಮಿಗಳ ಬೀದಿ, ಇಷ್ಟರ ಬಗ್ಗೆ ಮಾತ್ರ. ಊರು ಫುಂಬಾನ್, ದೇಶ ಕ್ಯಾಮರೂನ್. ಪಶ್ಚಿಮದ ಹುಲ್ಲುಗಾವಲಿನ ಎತ್ತರದ ಸೀಮೆ ಅದು. ಬಫೂಸಾಮ್ ಪಟ್ಟಣದಿಂದ ಸುಮಾರು 70 ಕಿಲೋಮೀಟರ್. ದಾರಿಯಲ್ಲಿ ನೂನ್ ನದಿ ದಾಟುತ್ತೀರಿ. ಆಚೆ ದಡ ಮುಟ್ಟಿದರೆ ಬಮೂಮ್ ಜನರ ನಾಡು. ಮಣ್ಣು ಕೆಂಪು, ಗಾಳಿ ತಂಪು. ಕ್ಯಾಮರೂನ್ ಎಂದ ಕೂಡಲೇ ಸೆಕೆ, ಕಾಡು, ಫುಟ್‌ಬಾಲ್ ಎಂದುಕೊಂಡು ಹೋದವರು ಇಲ್ಲಿ ಸಂಜೆಗೆ ಸ್ವೆಟರ್ ಹುಡುಕುತ್ತಾರೆ.

ಇಂಥ ಜಾಗಗಳಿಗೆ ಹೋಗುವ ನಮ್ಮಂಥವರಿಗೆ ಒಂದು ಅಭ್ಯಾಸವಿದೆ. ಅರಮನೆ ಅಂದರೆ ನಿಜವಾದ ಇತಿಹಾಸ, ಮ್ಯೂಸಿಯಂ ಅಂದರೆ ಜೀವ ಹೋದ ಇತಿಹಾಸ, ಹೊರಗಿನ ಅಂಗಡಿ ಸಾಲು ಅಂದರೆ ಸುಳ್ಳು ಇತಿಹಾಸ ಎಂದು ಮೊದಲೇ ಮೂರು ಪಾಲು ಮಾಡಿಕೊಂಡಿರುತ್ತೇವೆ. ಹಾಗಾಗಿ ಮೊದಲನೆಯದಕ್ಕೆ ಕೈಮುಗಿದು, ಎರಡನೆಯದನ್ನು ಬೇಗ ಬೇಗ ಮುಗಿಸಿ, ಮೂರನೆಯದರಲ್ಲಿ ಚೌಕಾಸಿ ಮಾಡಿ ಬರುತ್ತೇವೆ. ಫುಂಬಾನ್‌ನಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಯಾಕೆ ನಡೆಯುವುದಿಲ್ಲ ಎಂದು ಹೇಳುವುದಕ್ಕೇ ಈ ಮಾತು.

ಮೊದಲು ಅರಮನೆ. ಬಮೂಮ್ ರಾಜವಂಶದವರು ತಮ್ಮ ಮೂಲಪುರುಷ ಎನ್‌ಚಾರೆ ಯೆನ್‌ನ ಕಾಲವನ್ನು 14ನೇ ಶತಮಾನದ ಕೊನೆಗೆ ಇಡುತ್ತಾರೆ. ಟಿಕಾರ್ ಸೀಮೆಯಿಂದ ಬಂದು, ನದಿ ದಾಟಿ, ಅಲ್ಲಿದ್ದ ಸಣ್ಣಪುಟ್ಟ ಒಡೆಯರನ್ನು ಸೋಲಿಸಿ ರಾಜ್ಯ ಕಟ್ಟಿದವನು ಆತ. ಆದರೆ ನೀವು ಇವತ್ತು ಎದುರಿಗೆ ಕಾಣುವ ಅರಮನೆಗೆ ಆರುನೂರು ವರ್ಷವಿಲ್ಲ, ನೂರು ದಾಟಿ ಸ್ವಲ್ಪವೇ ಆಗಿದೆ. ಹಳೆಯದು ರಾಫಿಯಾ ತಾಳೆಯ ದಬ್ಬೆ ಮತ್ತು ಹುಲ್ಲಿನದು, ಅಂಗಳದೊಳಗೆ ಅಂಗಳ ಇರುವ ದೊಡ್ಡ ಸಂಸಾರ. 1913ರಲ್ಲಿ ಅದು ಸುಟ್ಟುಹೋಯಿತು. ಆಗಿನ ಅರಸ ಎನ್‌ಜೋಯ ಅದನ್ನೇ ಮತ್ತೆ ಕಟ್ಟಿಸಬಹುದಿತ್ತು, ಕಟ್ಟಿಸಲಿಲ್ಲ. 1917ರಲ್ಲಿ ಇಟ್ಟಿಗೆಯ ಕಟ್ಟಡಕ್ಕೆ ಕೈಹಾಕಿದ. ಮೂರು ಅಂತಸ್ತು, ಸಾಲು ಕಮಾನು, ಕಂಬಗಳ ಮೇಲೆ ನಿಂತ ಜಗಲಿಗಳು. ಮೊದಲ ನೋಟಕ್ಕೆ ಯುರೋಪಿನ ಯಾವುದೋ ಕೋಟೆಯ ತಮ್ಮನಂತೆ ಕಾಣುತ್ತದೆ. ಆಗ ಕ್ಯಾಮರೂನನ್ನು ಆಳುತ್ತಿದ್ದ ಜರ್ಮನರ ರಾಜಧಾನಿ ಬುಯಾದಲ್ಲಿ ಗವರ್ನರನ ಬಂಗಲೆಯನ್ನು ಎನ್‌ಜೋಯ 1908ರಲ್ಲಿ ನೋಡಿ ಬಂದಿದ್ದ, ಅದು ಅವನ ತಲೆಯಲ್ಲಿ ಉಳಿದಿತ್ತು.

ಇದನ್ನು ಕೇಳಿದವರು ಸಾಮಾನ್ಯವಾಗಿ ‘ಓ, ಹಾಗಾದರೆ ಬಿಳಿಯರ ಅನುಕರಣೆ’ ಎಂದುಬಿಡುತ್ತಾರೆ. ಸ್ವಲ್ಪ ತಾಳಿ. ಅರಮನೆ ಏಳುವ ಹೊತ್ತಿಗೆ ಜರ್ಮನರು ಕ್ಯಾಮರೂನಿನಲ್ಲಿ ಇರಲೇ ಇಲ್ಲ. ಮೊದಲ ಮಹಾಯುದ್ಧದಲ್ಲಿ ಸೋತು ಹೋಗಿದ್ದರು, ಫುಂಬಾನ್ ಫ್ರೆಂಚರ ಪಾಲಿಗೆ ಬಂದಿತ್ತು. ಆ ಗವರ್ನರನ ಜಾಗ ಖಾಲಿಯಾದ ಮೇಲೆ, ಅವನಿಗಿಂತ ದೊಡ್ಡ ಮನೆಯನ್ನು, ತನ್ನ ಊರಿನ ಮಣ್ಣಿನ ಇಟ್ಟಿಗೆಯಲ್ಲಿ, ತನ್ನ ಊರಿನ ಕೆಲಸಗಾರರಿಂದ ಒಬ್ಬ ಆಫ್ರಿಕನ್ ದೊರೆ ಕಟ್ಟಿಸುತ್ತಿದ್ದಾನೆ, ಅದೂ ಹೊಸ ದೊರೆಗಳ ಕಣ್ಣೆದುರಿಗೇ. ಇದನ್ನು ಅನುಕರಣೆ ಎನ್ನುವುದಕ್ಕಿಂತ ಜಂಬ ಎನ್ನುವುದು ಸರಿ. ನಕ್ಷೆಯ ಹಿಂದಿದ್ದ ಕೈ ಅವನ ಸಂಬಂಧಿಯೇ ಆದ ಇಬ್ರಾಹಿಂ ಎನ್‌ಜೋಯನದು. ಇಬ್ರಾಹಿಂ ಚಿತ್ರಗಾರ. ಬಮೂಮ್ ಅರಸರ ಸಾಲನ್ನು ಒಂದೇ ಹಾಳೆಯಲ್ಲಿ ಚೌಕ ಚೌಕವಾಗಿ ಬರೆದ ಚಿತ್ರಪಟಗಳು ಅವನವು. ಅದೇ ಬಗೆಯ ಪಟಗಳು ಇವತ್ತೂ ಬೀದಿಯ ಅಂಗಡಿಗಳಲ್ಲಿ ತೂಗುಹಾಕಿರುತ್ತವೆ.

ಇನ್ನು ಎನ್‌ಜೋಯ. ಈ ಮನುಷ್ಯನ ಬಗ್ಗೆ ಮಾತ್ರ ಒಂದು ಇಡೀ ಸಂಜೆ ಮಾತಾಡಬಹುದು, ನಾನು ಅರ್ಧ ಗಂಟೆ ಮಾತ್ರ ಕೇಳಿಕೊಂಡಿದ್ದೇನೆ. ತಂದೆ ಎನ್‌ಸಾಂಗು ನೆರೆಯ ಎನ್‌ಸೊ ಜನರ ಮೇಲೆ ಯುದ್ಧಕ್ಕೆ ಹೋಗಿ ಸತ್ತ. ಗೆದ್ದವರು ಅವನ ತಲೆಯನ್ನು ಕೊಂಡೊಯ್ದರು. ಪೂರ್ವಿಕರ ತಲೆಬುರುಡೆಯನ್ನು ಕಾಪಾಡಿಕೊಂಡು ಪೂಜಿಸುವ ಸೀಮೆಯಲ್ಲಿ ತಂದೆಯ ತಲೆಯೇ ಇಲ್ಲದ ಅರಸನೆಂದರೆ ಅರ್ಧ ಅರಸ. ಹುಡುಗನಿಗೆ ಪಟ್ಟವಾದಾಗ ತಾಯಿ ಎನ್‌ಜಾಪ್‌ಡುಂಕೆ ರಾಜ್ಯದ ಹಗ್ಗ ಹಿಡಿದಿದ್ದಳು. 1902ರ ಹೊತ್ತಿಗೆ ಜರ್ಮನರು ಬಂದಾಗ ಎನ್‌ಜೋಯ ಯುದ್ಧಕ್ಕೆ ನಿಲ್ಲಲಿಲ್ಲ. 1906ರಲ್ಲಿ ಜರ್ಮನರು ಎನ್‌ಸೊ ಮೇಲೆ ದಂಡೆತ್ತಿ ಹೋದಾಗ ತಾನೂ ಸೇರಿಕೊಂಡ, ತಂದೆಯ ತಲೆ ಅರಮನೆಗೆ ಮರಳಿತು. ಈ ಋಣವನ್ನು ನೆನಪಿಡಿ, ಸಿಂಹಾಸನದ ಕತೆಗೆ ಬೇಕಾಗುತ್ತದೆ.

ಅವನು ಲಿಪಿ ಕಟ್ಟಿದ ಸಂಗತಿ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಕನಸಿನಲ್ಲಿ ಯಾರೋ ಬಂದು, ಹಲಗೆಯ ಮೇಲೆ ಅಂಗೈಯ ಚಿತ್ರ ಬರೆದು, ತೊಳೆದು, ಆ ನೀರು ಕುಡಿ ಎಂದರಂತೆ. ಅದು ದಂತಕತೆಯ ಭಾಗ. ಕೆಲಸದ ಭಾಗ ಅದಕ್ಕಿಂತ ಚೆನ್ನಾಗಿದೆ. 1896ರ ಸುಮಾರಿಗೆ ತನ್ನ ಜನರನ್ನು ಕರೆದು ಒಂದೊಂದು ವಸ್ತುವಿಗೆ ಒಂದೊಂದು ಚಿಹ್ನೆ ಬರೆದು ತನ್ನಿ ಎಂದ. ಐನೂರರ ಆಸುಪಾಸು ಚಿಹ್ನೆಗಳು ಕೂಡಿದವು. ಅಷ್ಟನ್ನು ಕಲಿಯುವವರು ಯಾರು? ತಿದ್ದಿದ, ಕಡಿಮೆ ಮಾಡಿದ, ಮತ್ತೆ ತಿದ್ದಿದ. 1910ರ ಹೊತ್ತಿಗೆ ಚಿತ್ರಗಳು ಉಚ್ಚಾರದ ಅಕ್ಷರಗಳಾಗಿ, ಎಂಬತ್ತರ ಆಸುಪಾಸಿಗೆ ಇಳಿದಿದ್ದವು. ಹದಿನೈದು ವರ್ಷಗಳೊಳಗೆ ಚಿತ್ರಲಿಪಿಯಿಂದ ಉಚ್ಚಾರದ ಲಿಪಿಗೆ! ಆ ಲಿಪಿಯಲ್ಲಿ ರಾಜ್ಯದ ಇತಿಹಾಸ ಬರೆಸಿದ, ಮದುವೆ–ವ್ಯಾಜ್ಯಗಳ ದಾಖಲೆ ಇಡಿಸಿದ, ಶಾಲೆ ತೆರೆದ, 1912ರಲ್ಲಿ ನಾಡನ್ನು ಅಳೆಸಿ ನಕ್ಷೆ ಮಾಡಿಸಿದ. ಮುದ್ರಣಕ್ಕೆಂದು ತಾಮ್ರದ ಅಚ್ಚುಮೊಳೆಗಳನ್ನು ಎರಕ ಹುಯ್ಯಿಸಲು ಹೆಣಗಾಡಿದ, ಅದು ಮಾತ್ರ ಕೈಗೂಡಲಿಲ್ಲ. 2009ರಲ್ಲಿ ಈ ಲಿಪಿ ಯೂನಿಕೋಡಿಗೆ ಸೇರಿತು. ಹಳೆಯ ಹಂತಗಳ ಚಿಹ್ನೆಗಳು ಮರುವರ್ಷ ಸೇರಿದವು.

ಇಲ್ಲಿ ನಮ್ಮ ಕಡೆಗೊಂದು ಎಳೆ ಇದೆ. ಎಳೆದು ತಂದದ್ದಲ್ಲ, ಇರುವಂಥದೇ. 1906ರಲ್ಲಿ ಫುಂಬಾನ್‌ಗೆ ಬಂದು ನೆಲೆಸಿದ ಪಾದ್ರಿ ಮಾರ್ಟಿನ್ ಗೋರಿಂಗ್ ಬಾಸೆಲ್ ಮಿಷನ್ನಿನವರು. ಅದೇ ಬಾಸೆಲ್ ಮಿಷನ್, 1834ರಲ್ಲಿ ಮಂಗಳೂರಿಗೆ ಬಂದದ್ದು. 1843ರಲ್ಲಿ ಮೋಗ್ಲಿಂಗ್ ಕೈಯಲ್ಲಿ ‘ಮಂಗಳೂರು ಸಮಾಚಾರ’ ಹೊರಟದ್ದು, 1894ರಲ್ಲಿ ಕಿಟೆಲ್ ನಿಘಂಟು ಅಚ್ಚಾದದ್ದು ಅದೇ ಮಿಷನ್ನಿನ ಆಸರೆಯಲ್ಲಿ. ಅನ್ನಾ ವೂರ್ಮನ್ ಎಂಬ ಸ್ವಿಸ್ ಶಿಕ್ಷಕಿ 1911ರಿಂದ ಫುಂಬಾನ್‌ನಲ್ಲಿ ಹೆಣ್ಣುಮಕ್ಕಳಿಗೆ ಪಾಠ ಹೇಳುತ್ತಾ, ಅರಮನೆಯವರ ಛಾಯಾಚಿತ್ರ ತೆಗೆಯುತ್ತಾ ಇದ್ದರು. ಆ ಚಿತ್ರಗಳೂ ಮಂಗಳೂರಿನ ಹೆಂಚಿನ ಕಾರ್ಖಾನೆಯ ಚಿತ್ರಗಳೂ ಇವತ್ತು ಬಾಸೆಲ್ ನಗರದ ಒಂದೇ ಭಂಡಾರದಲ್ಲಿವೆ. ವೂರ್ಮನ್ ಚಿತ್ರಗಳಲ್ಲಿ ಜನ ಕ್ಯಾಮೆರಾ ಕಂಡು ಬೆದರಿ ನಿಂತಿಲ್ಲ. ಪರಿಚಯದವರ ಮುಂದೆ ಕೂತಂತೆ ಕೂತಿದ್ದಾರೆ. ಆ ಕಾಲದ ವಸಾಹತು ಫೋಟೊಗಳಲ್ಲಿ ಇದು ಅಪರೂಪ. ಯುದ್ಧ ಬಂದಾಗ ಬಾಸೆಲ್ಲಿನವರನ್ನು ಮಂಗಳೂರು, ಫುಂಬಾನ್ ಎರಡೂ ಕಡೆಯಿಂದ ಹೊರಹಾಕಲಾಯಿತು. ಎನ್‌ಜೋಯ ಮಾತ್ರ ಕ್ರೈಸ್ತನಾಗಲಿಲ್ಲ. ಕ್ರೈಸ್ತ, ಇಸ್ಲಾಂ ಎರಡೂ ಧರ್ಮಗಳಿಂದ ಬೇಕಾದದ್ದನ್ನು ಆಯ್ದು ತನ್ನದೇ ಒಂದು ಧರ್ಮಗ್ರಂಥ ಬರೆಸಿ, ಕೊನೆಗೆ ಇಸ್ಲಾಮಿನಲ್ಲಿ ನಿಂತ. ಅರಮನೆಯ ಎದುರಿಗೇ ಮಸೀದಿ ಇದೆ. ಈಗಲೂ ಶುಕ್ರವಾರ ಸುಲ್ತಾನರು ಪರಿವಾರದೊಡನೆ ಅಲ್ಲಿಗೆ ಹೋಗುತ್ತಾರೆ.

ಈಗ ಸಿಂಹಾಸನ. ಇದಕ್ಕೆ ಸ್ವಲ್ಪ ಹೆಚ್ಚು ಸಮಯ ತೆಗೆದುಕೊಳ್ಳುತ್ತೇನೆ.

‘ಮಾಂಡು ಯೆನು’ ಎಂದು ಅದರ ಹೆಸರು. ಎನ್‌ಸಾಂಗುವಿನ ಸಿಂಹಾಸನ. ಮರದಲ್ಲಿ ಕೆತ್ತಿ, ಮೇಲೆ ಬಟ್ಟೆ ಹೊದಿಸಿ, ಬಟ್ಟೆಯ ಮೇಲೆ ಒಂದಿಷ್ಟೂ ಜಾಗ ಬಿಡದೆ ಗಾಜಿನ ಮಣಿ ಮತ್ತು ಕವಡೆ ಹೊಲಿದಿದ್ದಾರೆ. ಹಿಂದೆ ಬೆನ್ನಿಗೆ ಆಧಾರವಾಗಿ ಜೋಡಿ ಆಳುಗಳು ನಿಂತಿದ್ದಾರೆ. ಅವರು ಅವಳಿಗಳು. ಬಮೂಮ್ ಆಸ್ಥಾನದಲ್ಲಿ ಅವಳಿಗಳಿಗೆ ವಿಶೇಷ ಸ್ಥಾನ. ಕೂರುವ ಪೀಠವನ್ನು ಎರಡು ತಲೆಯ ಹಾವುಗಳು ಹೊತ್ತಿವೆ. ಕಾಲಿಡುವ ಮಣೆಯ ಅಂಚಿನಲ್ಲಿ ಬಂದೂಕು ಹಿಡಿದ ಸಿಪಾಯಿಗಳು. ಮಣಿಗಳು ಯುರೋಪಿನ ಗಾಜು. ಕವಡೆ ನಮ್ಮ ಹಿಂದೂ ಮಹಾಸಾಗರದ್ದು. ಮಾಲ್ಡೀವ್ಸ್ ಕವಡೆ ಎಷ್ಟೋ ಹಡಗು ಹತ್ತಿಳಿದು ಪಶ್ಚಿಮ ಆಫ್ರಿಕಾದಲ್ಲಿ ಹಣವಾಗಿ ಚಲಾವಣೆಯಾಗುತ್ತಿದ್ದ ಕಾಲವೊಂದಿತ್ತು. ದೂರದಿಂದ ಬಂದ ದುಬಾರಿ ವಸ್ತುವನ್ನೆಲ್ಲ ಒಂದೇ ಆಸನದ ಮೇಲೆ ಹೊಲಿಸಿ ಅದರ ಮೇಲೆ ಕೂತರೆ ಅರಸನಿಗೆ ಬೇರೆ ಬಿರುದು ಬೇಡ.

ಎರಡು ತಲೆಯ ಹಾವಿನ ಕತೆ ಇಲ್ಲೇ ಹೇಳಿಬಿಡುತ್ತೇನೆ. 19ನೇ ಶತಮಾನದ ಮೊದಲ ಭಾಗದ ಅರಸ ಎಂಬ್ವೆಂಬ್ವೆ, ಆಳೆತ್ತರ ಮೀರಿದ ದೈತ್ಯ ಎಂದು ಜನ ಹೇಳುವವನು, ಏಕಕಾಲಕ್ಕೆ ಎರಡು ದಿಕ್ಕಿನ ಶತ್ರುಗಳನ್ನು ಸೋಲಿಸಿದನಂತೆ. ಅದರ ಗುರುತು ಆ ಹಾವು. ಕುದುರೆ ಸವಾರ ಫುಲಾನಿಗಳನ್ನು ತಡೆಯಲು ಊರ ಸುತ್ತ ಕಂದಕ ತೋಡಿಸಿದವನೂ ಅವನೇ.

ಬರ್ಲಿನ್ನಿನ ಮ್ಯೂಸಿಯಂನವರಿಗೆ ಈ ಸಿಂಹಾಸನದ ಮೇಲೆ ಕಣ್ಣು ಬಿದ್ದಿತ್ತು. ಮಾರು ಎಂದರೆ ಎನ್‌ಜೋಯ ಒಪ್ಪಲಿಲ್ಲ, ತಂದೆಯದು. ಸೀಮೆಯ ಜರ್ಮನ್ ಅಧಿಕಾರಿ ಬೇರೆ ದಾರಿ ಹಿಡಿದ: ಮಾರಬೇಡ, ಚಕ್ರವರ್ತಿ ಕೈಸರನ ಹುಟ್ಟುಹಬ್ಬಕ್ಕೆ ಉಡುಗೊರೆಯಾಗಿ ಕೊಡು. ಎನ್‌ಜೋಯ ಜಾಣ. ಹಾಗಾದರೆ ಒಂದು ಪ್ರತಿ ಮಾಡಿಸಿ ಕೊಡುತ್ತೇನೆ ಎಂದು ಕೆಲಸ ಶುರುಮಾಡಿಸಿದ. ಮಣಿ ಹೊಲಿಯುವ ಕೆಲಸ ಅವಸರಕ್ಕೆ ಬಗ್ಗುವಂಥದಲ್ಲ, ಪ್ರತಿ ಸಮಯಕ್ಕೆ ಮುಗಿಯಲಿಲ್ಲ. 1908ರಲ್ಲಿ ಅಸಲು ಸಿಂಹಾಸನವನ್ನೇ ಹೊತ್ತುಕೊಂಡು ಬುಯಾಕ್ಕೆ ಹೋಗಿ ಕೊಟ್ಟುಬಂದ. ಕೈಸರನಿಂದ ಪ್ರತಿಯಾಗಿ ಎದೆಕವಚ ಸಹಿತ ಸೇನಾ ಸಮವಸ್ತ್ರವೊಂದು ಬಂತು. ಮಾಂಡು ಯೆನು ಇವತ್ತು ಬರ್ಲಿನ್ನಿನ ಹಂಬೋಲ್ಟ್ ಫೋರಂನಲ್ಲಿದೆ. ಆಗ ಅರ್ಧಕ್ಕೆ ನಿಂತಿದ್ದ ಪ್ರತಿ ಆಮೇಲೆ ಮುಗಿಯಿತು, ಅರಸರು ಅದರ ಮೇಲೆ ಕೂತರು.

ಉಡುಗೊರೆಯೋ, ಸುಲಿಗೆಯೋ? ಜರ್ಮನಿಯಲ್ಲಿ ಇದರ ಮೇಲೆ ಸಾಕಷ್ಟು ವಾದ ನಡೆದಿದೆ. ನನಗನ್ನಿಸುವುದು ಹೀಗೆ: ತಂದೆಯ ತಲೆ ತಂದುಕೊಟ್ಟ ಋಣವನ್ನು ತೀರಿಸುವ ಲೆಕ್ಕವೂ ಅದರಲ್ಲಿತ್ತು. ಇಲ್ಲ ಎನ್ನಲು ಜಾಗವಿಲ್ಲದ ಕಡೆ ಕೊಟ್ಟ ದಾನ ಎಂಬುದೂ ಅಷ್ಟೇ ನಿಜ. ಪಕ್ಕದ ರಾಜ್ಯಗಳಿಗೆ ಏನಾಯಿತೆಂದು ಅವನು ಕಣ್ಣಾರೆ ಕಂಡಿದ್ದ. ಎರಡರಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಿ ಎಂದರೆ ನಾನು ಆರಿಸಿಕೊಳ್ಳಲಾರೆ. ಈಗಿನ ಸುಲ್ತಾನ ನಬೀಲ್ ಎಂಬೊಂಬೊ ಎನ್‌ಜೋಯ 2023ರಲ್ಲಿ ಬರ್ಲಿನ್ನಿಗೆ ಹೋದಾಗ ಮ್ಯೂಸಿಯಂನಲ್ಲಿದ್ದ ಆ ಸಿಂಹಾಸನದ ಮೇಲೆ ಹೋಗಿ ಕೂತರು. ಪ್ರದರ್ಶನದ ವಸ್ತುವನ್ನು ಮುಟ್ಟಬಾರದು ಎನ್ನುವವರಿಗೆ ಗಾಬರಿ. ಅರಸನಾದವನು ಸಿಂಹಾಸನವನ್ನು ಕಂಡು ಇನ್ನೇನು ಮಾಡಬೇಕಿತ್ತು?

ನನ್ನ ಮಾತಿನ ಗಂಟು ಇರುವುದು ಇಲ್ಲಿ. ಫುಂಬಾನ್‌ನಲ್ಲಿ ಇರುವುದು ‘ನಕಲು’ ಎಂದು ನಾವು ಹೇಳುತ್ತೇವೆ, ಏಕೆಂದರೆ ನಮಗೆ ಹಳೆಯದೇ ಅಸಲು. ಆಸ್ಥಾನದ ಕಣ್ಣಿಗೆ ಅದು ಹಾಗಲ್ಲ. ಆಸ್ಥಾನದ ಕೆತ್ತನೆಗಾರರು, ಆಸ್ಥಾನದ ಮಣಿ ಹೊಲಿಯುವವರು, ಅರಸನ ಅಪ್ಪಣೆಯಂತೆ, ಅರಸ ಕೂರುವುದಕ್ಕಾಗಿ ಮಾಡಿದ್ದು ಸಿಂಹಾಸನವಲ್ಲದೆ ಮತ್ತೇನು? ತುಳುನಾಡಿನವರಿಗೆ ಇದು ಬಿಡಿಸಿ ಹೇಳಬೇಕಿಲ್ಲ. ಮೆಕ್ಕೆಕಟ್ಟಿನ ಭೂತಗಳ ಹಳೆಯ ಮರದ ಮೂರ್ತಿಗಳು ದೆಹಲಿಯ ಕರಕುಶಲ ಸಂಗ್ರಹಾಲಯದಲ್ಲಿ ನಿಂತಿವೆ. ಊರಿನಲ್ಲಿ ಹೊಸದು ಕೆತ್ತಿಸಿ ಬಣ್ಣ ಹಚ್ಚಿ ನಿಲ್ಲಿಸಿದ್ದಾರೆ. ಪೂಜೆ ಎಲ್ಲಿ ನಡೆಯುತ್ತದೆ? ಊರಿನಲ್ಲಿ.

ಹಾಗೆಂದು ಬರ್ಲಿನ್ನಿನದು ಅಲ್ಲೇ ಇರಲಿ ಎಂದು ನಾನು ಹೇಳುತ್ತಿಲ್ಲ. ದಯವಿಟ್ಟು ಯಾರೂ ಹಾಗೆ ಬರೆದುಕೊಳ್ಳಬೇಡಿ.

ಮ್ಯೂಸಿಯಂಗೆ ಬರೋಣ. ಫುಂಬಾನ್‌ನಲ್ಲಿ ಒಂದಲ್ಲ, ಎರಡು ಮ್ಯೂಸಿಯಂ ಹುಟ್ಟಿದವು, ಎರಡೂ 1920ರ ದಶಕದಲ್ಲಿ. ಹುಟ್ಟಿದ್ದು ಜಗಳದಲ್ಲಿ. ಒಂದು ಅರಮನೆಯದು, ಎನ್‌ಜೋಯ ತೆರೆದದ್ದು. ಇನ್ನೊಂದು ಮೋಸೆ ಯೆಯಾಪ್ ಎಂಬವರದು. ಯೆಯಾಪ್ ಮಿಷನ್ ಶಾಲೆಯಲ್ಲಿ ಓದಿ ಕ್ರೈಸ್ತರಾದವರು, ಫ್ರೆಂಚ್ ಆಡಳಿತಕ್ಕೆ ದುಭಾಷಿ, ಅರಸನ ಅಧಿಕಾರದ ಬಹಿರಂಗ ವಿರೋಧಿ. ಫ್ರೆಂಚರಿಗೆ ಎನ್‌ಜೋಯನ ಬಲ ಮುರಿಯಬೇಕಿತ್ತು. 1924ರಲ್ಲಿ ಅವನ ಅಧಿಕಾರವನ್ನು ಕಿತ್ತುಕೊಂಡರು, ಅವನ ಶಾಲೆಗಳು ಮುಚ್ಚಿದವು, ಲಿಪಿ ಮೂಲೆಗೆ ಸರಿಯಿತು. 1931ರಲ್ಲಿ ಅವನನ್ನು ಯಾವುಂಡೆಗೆ ಗಡೀಪಾರು ಮಾಡಿದರು. 1933ರಲ್ಲಿ ಅಲ್ಲೇ ತೀರಿಕೊಂಡ. ಅದೇ 1931ರಲ್ಲಿ ಪ್ಯಾರಿಸ್ಸಿನಲ್ಲಿ ದೊಡ್ಡ ವಸಾಹತು ಪ್ರದರ್ಶನ ನಡೆಯಿತು. ಕ್ಯಾಮರೂನಿನ ಮಂಟಪಕ್ಕೆ ಈ ಹುಲ್ಲುಗಾವಲಿನ ಅರಮನೆಗಳ ಎತ್ತರದ ಹುಲ್ಲು ಚಾವಣಿಯದೇ ಮಾದರಿ. ಅರಸನನ್ನು ಊರು ಬಿಡಿಸಿ, ಅವನ ಸೀಮೆಯ ಚಾವಣಿಯನ್ನು ಪ್ಯಾರಿಸ್ಸಿನಲ್ಲಿ ನಿಲ್ಲಿಸಿ ಟಿಕೆಟ್ ಹರಿದರು.

ಅರಸನ ಕೈ ಖಾಲಿಯಾದಾಗ ಆಸ್ಥಾನದ ಕೆಲಸಗಾರರು ಏನು ಮಾಡಬೇಕು? ಅಲ್ಲಿಯವರೆಗೆ ಹಿತ್ತಾಳೆ ಎರಕ, ಮಣಿ ಕೆಲಸ, ಕೆಲವು ಬಗೆಯ ಕೆತ್ತನೆ ಅರಮನೆಯ ಹತೋಟಿಯಲ್ಲಿದ್ದವು. ಎರಡು ತಲೆಯ ಹಾವು, ಚಿರತೆ, ಆನೆ ಇವು ಅರಸನ ಗುರುತುಗಳು. ಅವನ್ನು ಯಾರಿಗೆಂದರೆ ಅವರಿಗೆ ಮಾಡಿಕೊಡುವ ಹಾಗಿರಲಿಲ್ಲ. ಅಂಥ ಕೈಗಳು ಅರಮನೆಯ ಅಂಗಳ ಬಿಟ್ಟು ಯೆಯಾಪ್‌ರ ಮ್ಯೂಸಿಯಂ ಇದ್ದ ಬೀದಿಗೆ ಬಂದವು. ಯೆಯಾಪ್ ಅವರನ್ನು ಅಲ್ಲಿ ನೆಲೆಗೊಳಿಸಿದರು, ಫ್ರೆಂಚ್ ಅಧಿಕಾರಿಗಳು ಗಿರಾಕಿಗಳಾದರು. ಅದೇ ಇವತ್ತಿನ ಕುಶಲಕರ್ಮಿಗಳ ಬೀದಿ. ಯೆಯಾಪ್ ಬಗ್ಗೆ ಅರಮನೆಯ ಕಡೆಯವರ ಅಭಿಪ್ರಾಯ ಬೇರೆ ಇರಬಹುದು. ಆದರೆ ಅವರಿಲ್ಲದಿದ್ದರೆ ಎರಕದ ಕುಲುಮೆಗಳು ಆ ಹತ್ತು ವರ್ಷಗಳಲ್ಲೇ ಆರಿಹೋಗುತ್ತಿದ್ದವು ಎಂದು ನನಗನ್ನಿಸುತ್ತದೆ. ಅರಸನ ವಿರೋಧಿ ಅರಸನ ಕಲೆಯನ್ನು ಉಳಿಸಿದ. ಹಾಗಾಗಿ ಆ ಬೀದಿಯನ್ನು ಅರಮನೆಯ ಹೊರಗಿನ ಸಂತೆ ಎಂದು ನೋಡಬೇಡಿ. ಅರಮನೆಯ ಕಾರ್ಖಾನೆಯೇ ಬೀದಿಗೆ ಬಂದಿದೆ.

ಬೀದಿಯಲ್ಲಿ ನಿಧಾನವಾಗಿ ನಡೆಯಬೇಕು. ಮುಂದೆ ಅಂಗಡಿ, ಹಿಂದೆ ಕೆಲಸದ ಅಂಗಳ. ಹಿಂದಿನದನ್ನು ತೋರಿಸಿ ಎಂದು ಕೇಳಿ, ಸಂತೋಷದಿಂದ ಕರೆದುಕೊಂಡು ಹೋಗುತ್ತಾರೆ. ಎರಕದವರು ಮೊದಲು ಜೇನುಮೇಣದಲ್ಲಿ ಗೊಂಬೆ ಮಾಡುತ್ತಾರೆ. ಮೇಣವನ್ನು ದಾರದಂತೆ ಹೊಸೆದು ಗೊಂಬೆಯ ಮೈಮೇಲೆ ನೇಯ್ಗೆ ಅಂಟಿಸುವ ಬೆರಳುಗಳನ್ನು ನೋಡಬೇಕು. ಮೇಲೆ ಲದ್ದಿ ಬೆರೆಸಿದ ಜೇಡಿ ಮೆತ್ತಿ ಒಣಗಿಸಿ, ಕಾಯಿಸಿ ಮೇಣ ಬಸಿಯುತ್ತಾರೆ. ಇಲ್ಲಿಯವರೆಗೆ ನಮ್ಮ ಎರಕದವರಿಗೂ ಗೊತ್ತಿರುವ ದಾರಿ. ಮುಂದಿನದು ಬೇರೆ. ಲೋಹ ಕರಗಿಸುವ ಮೂಸೆಯನ್ನು ಅಚ್ಚಿಗೇ ಅಂಟಿಸಿಬಿಡುತ್ತಾರೆ. ಹಳೆಯ ನಲ್ಲಿ, ಮುರಿದ ಬೀಗ, ಗುಜರಿಯ ಹಿತ್ತಾಳೆ ಚೂರುಗಳನ್ನು ಮೂಸೆಗೆ ತುಂಬಿ, ಬಾಯಿಗೂ ಮಣ್ಣು ಮೆತ್ತಿ, ಇಡೀ ಮುದ್ದೆಯನ್ನು ಬೆಂಕಿಗಿಡುತ್ತಾರೆ. ಮೂಸೆ ಕೆಳಗೆ, ಅಚ್ಚು ಮೇಲೆ. ಲೋಹ ಕರಗಿತು ಎಂದು ಉರಿಯ ಬಣ್ಣ ನೋಡಿ ತಿಳಿದು, ಇಕ್ಕಳದಲ್ಲಿ ಹಿಡಿದು ತಲೆಕೆಳಗು ಮಾಡುತ್ತಾರೆ. ಕರಗಿದ ಹಿತ್ತಾಳೆ ಒಳಗೊಳಗೇ ಅಚ್ಚಿಗೆ ಇಳಿಯುತ್ತದೆ. ಹೊರಗೆ ಸುರಿಯುವ ಮಾತೇ ಇಲ್ಲ. ಮಣ್ಣು ಒಡೆದರೆ ಒಳಗೆ ಏನಿದೆಯೋ ಅದು. ಅಚ್ಚು ಒಂದೇ ಸಲಕ್ಕೆ. ಅದೇ ಕಾರಣಕ್ಕೆ ಒಂದರಂತೆ ಇನ್ನೊಂದು ಇರುವುದಿಲ್ಲ.

ಜೋಡಿ ಗಂಟೆಗಳು, ಉದ್ದ ಕೊಳವೆಯ ಹೊಗೆಸೊಪ್ಪಿನ ಚಿಲುಮೆಗಳು, ಕೆನ್ನೆ ಉಬ್ಬಿದ ಮುಖವಾಡಗಳು, ಕೆತ್ತಿದ ಕಾಡೆಮ್ಮೆಯ ಕೊಂಬಿನ ಪಾನಪಾತ್ರೆ, ಜೇಡ ಕೆತ್ತಿದ ಮಣೆ ಇವೆಲ್ಲ ಅಲ್ಲಿವೆ. ಜೇಡ ಈ ಸೀಮೆಯಲ್ಲಿ ಶಾಸ್ತ್ರ ಹೇಳುವ ಪ್ರಾಣಿ. ನೆಲದೊಳಗೆ ವಾಸಿಸುವ ದೊಡ್ಡ ಜೇಡದ ಬಿಲದ ಬಾಯಿಗೆ ಗುರುತು ಹಾಕಿದ ಎಲೆ ಚೂರುಗಳನ್ನು ಇಡುತ್ತಾರೆ. ಅದು ಹೊರಬಂದು ಎಲೆಗಳನ್ನು ಹೇಗೆ ಚೆಲ್ಲಾಡಿತೋ ಅದನ್ನು ಓದಿ ಭವಿಷ್ಯ ಹೇಳುತ್ತಾರೆ. ನೀಲಿಯ ‘ಎನ್‌ಡೊಪ್’ ಬಟ್ಟೆ ಸಿಕ್ಕರೆ ತಿರುವಿ ನೋಡಿ. ರಾಫಿಯಾ ನಾರಿನಿಂದ ವಿನ್ಯಾಸ ಹೊಲಿದು, ನೀಲಿಯಲ್ಲಿ ಅದ್ದಿ, ಆಮೇಲೆ ಹೊಲಿಗೆ ಬಿಚ್ಚಿದಾಗ ನಾರು ಮುಚ್ಚಿದ್ದಲ್ಲೆಲ್ಲ ಬಿಳಿ ಉಳಿದಿರುತ್ತದೆ. ಅಚ್ಚು ಹಾಕಿದ ಅಗ್ಗದ ಬಟ್ಟೆಯಲ್ಲಿ ಹೊಲಿಗೆಯ ತೂತು ಕಾಣುವುದಿಲ್ಲ. ಹಿಂದೆ ಈ ಬಟ್ಟೆ ಬಣ್ಣಕ್ಕಾಗಿ ನೈಜೀರಿಯಾದವರೆಗೂ ಹೋಗಿ ಬರುತ್ತಿತ್ತು. ಎನ್‌ಜೋಯ ಹೌಸಾ ಬಣ್ಣಗಾರರನ್ನು ಊರಿಗೇ ಕರೆಸಿದ.

ಈಗ ಕಹಿ ವಿಷಯ. ಅದೇ ಬೀದಿಯಲ್ಲಿ ‘ಹಳೆಯದು’ ತಯಾರಾಗುತ್ತದೆ. ಹೊಸ ಮುಖವಾಡವನ್ನು ಮಣ್ಣಲ್ಲಿ ಹೂತು, ಅಡುಗೆಮನೆಯ ಹೊಗೆಗೆ ಕಟ್ಟಿ, ಎಣ್ಣೆ ಸವರಿ ನೂರು ವರ್ಷದ್ದು ಮಾಡುತ್ತಾರೆ. ಬೇರೆ ದೇಶದ, ಬೇರೆ ಬುಡಕಟ್ಟಿನ ಶೈಲಿಯ ಮುಖವಾಡಗಳೂ ಇಲ್ಲಿ ಹುಟ್ಟಿ, ಬಂದರು ನಗರ ದುವಾಲಾದ ವ್ಯಾಪಾರಿಗಳ ಮೂಲಕ ಯುರೋಪಿನ ಅಂಗಡಿಗಳಿಗೆ ಹೋಗುತ್ತವೆ. ಇದಕ್ಕೆ ಕೆಲಸಗಾರನನ್ನು ಬೈಯುವುದು ಸುಲಭ. ಆದರೆ ಅದೇ ಕೈ ಮಾಡಿದ ಅದೇ ಮುಖವಾಡವನ್ನು ಹೊಸದು ಎಂದರೆ ಒಂದು ಬೆಲೆಗೆ, ಹಳೆಯದು ಎಂದರೆ ಹತ್ತುಪಟ್ಟಿಗೆ ಕೊಳ್ಳುವವರು ಯಾರು? ಕೊಂಡುಕೊಳ್ಳುವವನ ಮರುಳಿಗೆ ತಕ್ಕ ಸರಕು ಇದು. ಆಸ್ಥಾನ ಎಂದೂ ಹಳೆಯದನ್ನೇ ಕೇಳಿರಲಿಲ್ಲ, ಒಳ್ಳೆಯದನ್ನು ಕೇಳುತ್ತಿತ್ತು.

ಅರಮನೆಯ ಮ್ಯೂಸಿಯಂ ಬಹುಕಾಲ ಅರಮನೆಯ ಮಹಡಿಯ ಮೇಲೇ ಇತ್ತು. ಯುದ್ಧದಲ್ಲಿ ಸೋತವರ ದವಡೆ ಮೂಳೆ ಕಟ್ಟಿದ ಸೋರೆ ಬುರುಡೆ, ಎನ್‌ಜೋಯ ಮಾಡಿಸಿದ ಜೋಳ ಬೀಸುವ ಯಂತ್ರ, ಅವನ ಲಿಪಿಯ ಹಸ್ತಪ್ರತಿಗಳು, ಅರಸರ ಉಡುಪುಗಳು. ಜಾಗ ಸಾಲದೆ, ಎದುರಿಗೇ ಹೊಸ ಕಟ್ಟಡ ಎದ್ದು 2024ರ ಏಪ್ರಿಲ್‌ನಲ್ಲಿ ಉದ್ಘಾಟನೆಯಾಯಿತು. ಕಟ್ಟಡವೇ ಎರಡು ತಲೆಯ ಹಾವು, ಅದರ ಮೇಲೆ ಕಾಲು ಚಾಚಿ ಕೂತ ಜೇಡ, ಪ್ರವೇಶದಲ್ಲಿ ಜೋಡಿ ಗಂಟೆ. ರಾಜ್ಯದ ಲಾಂಛನವನ್ನು ಕಾಂಕ್ರೀಟಿನಲ್ಲಿ ಎಬ್ಬಿಸಿ ನಿಲ್ಲಿಸಿದಂತಿದೆ. ನನ್ನ ರುಚಿಗೆ ಸ್ವಲ್ಪ ಜಾಸ್ತಿಯಾಯಿತು. ಆದರೆ ಬುಯಾದ ಬಂಗಲೆ ನೋಡಿ ಬಂದು ಮೂರು ಅಂತಸ್ತು ಏರಿಸಿದವನ ಮನೆತನ, ಇವರು ಸಂಕೋಚದಿಂದ ಕಟ್ಟುತ್ತಾರೆ ಎಂದು ನಿರೀಕ್ಷಿಸುವುದೇ ತಪ್ಪು. ಈ ಸಂಗ್ರಹದ ವಸ್ತುಗಳು ಗಾಜಿನ ಹಿಂದೆ ಸೇರಿದರೂ ಕೆಲಸದಿಂದ ನಿವೃತ್ತಿಯಾಗಿಲ್ಲ. ಹಬ್ಬ ಬಂದಾಗ ಬೇಕಾದದ್ದು ಹೊರಬರುತ್ತದೆ.

ಆ ಹಬ್ಬ ‘ಎನ್‌ಗುವೊನ್’. 1924ರಲ್ಲಿ ಫ್ರೆಂಚರು ನಿಲ್ಲಿಸಿದ್ದರು, 1990ರ ದಶಕದಲ್ಲಿ ಮತ್ತೆ ಶುರುವಾಗಿ ಈಗ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. 2023ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು. ಫ್ರೆಂಚರು ಯಾಕೆ ನಿಲ್ಲಿಸಿದರು ಎಂಬುದು ಹಬ್ಬದ ನಡುಭಾಗ ನೋಡಿದರೆ ತಿಳಿಯುತ್ತದೆ. ಅಂದು ಅರಸನ ವಿಚಾರಣೆ. ಅವನನ್ನು ಎಲ್ಲರೆದುರು ನಿಲ್ಲಿಸಿ, ಜನರ ಪರವಾಗಿ ಆಸ್ಥಾನದ ಹಳೆಯ ಸಂಘಗಳವರು ಆಡಳಿತದ ತಪ್ಪುಗಳನ್ನು ಮುಖಕ್ಕೇ ಹೇಳುತ್ತಾರೆ. ಅಷ್ಟು ಹೊತ್ತು ಅವನು ಅರಸನಲ್ಲ, ಪಟ್ಟದಿಂದ ಇಳಿದವನು. ಉತ್ತರ ಕೊಡಬೇಕು, ಒಪ್ಪಿಗೆಯಾದರೆ ಮತ್ತೆ ಕೂರಿಸುತ್ತಾರೆ. ಅರಸ ತಮಗೆ ಮಾತ್ರ ಉತ್ತರ ಕೊಡಬೇಕು ಎಂದುಕೊಂಡಿದ್ದ ಸರ್ಕಾರಕ್ಕೆ, ಅವನು ಊರಿಗೂ ಉತ್ತರ ಕೊಡುವ ವ್ಯವಸ್ಥೆ ಹಿಡಿಸುವುದು ಹೇಗೆ?

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಒಂದನ್ನು ಮಾತ್ರ ಇಲ್ಲಿ ಸೇರಿಸುತ್ತೇನೆ. ಹಿಂದಿನ ಸಾಲಿನ ಒಬ್ಬ ತಾಯಿ ಕೇಳಿದರು: “ಅರಸನಿಗೆ ಮಾತ್ರ ಎಂದಿದ್ದ ಆ ಹಾವನ್ನು ಈಗ ಬೀಗದ ಕೈ ಗೊಂಚಲಿಗೆ ಮಾಡಿ ಮಾರುತ್ತಾರಲ್ಲ, ಅವರಿಗೆ ಬೇಸರವಿಲ್ಲವೇ?”

“ಅಮ್ಮಾ, ಬೇಸರವಿರುವವರೂ ಇರಬಹುದು,” ಎಂದೆ. “ಆದರೆ ಯಾವುದು ಬಿಕರಿಗೆ, ಯಾವುದು ಅಲ್ಲ ಎಂಬ ಗೆರೆ ಅವರಿಗೆ ಚೆನ್ನಾಗಿ ಗೊತ್ತು. ಹಾವು ಮಾರುತ್ತಾರೆ. ಅರಮನೆಯಿಂದ ಕೆಲಸ ಬಂದರೆ ಅದೇ ಹಾವನ್ನು ಬೇರೆ ಮೇಣದಲ್ಲಿ, ಬೇರೆ ಶ್ರದ್ಧೆಯಲ್ಲಿ ಮಾಡುತ್ತಾರೆ, ಅದು ಅಂಗಡಿಯ ಮುಂದೆ ಬರುವುದೇ ಇಲ್ಲ. ನೀವು ಹೋದರೆ ಹಳೆಯದು ಕೇಳಬೇಡಿ. ಹೊಸದನ್ನೇ ತೆಗೆದುಕೊಳ್ಳಿ, ಮಾಡಿದವರ ಹೆಸರು ಕೇಳಿ ಬರೆದುಕೊಳ್ಳಿ. ದಂತದ್ದು ಎಂದು ಏನಾದರೂ ತೋರಿಸಿದರೆ ಮುಟ್ಟಬೇಡಿ, ವಿಮಾನ ನಿಲ್ದಾಣದಲ್ಲಿ ಹಿಡಿಯುತ್ತಾರೆ. ಮತ್ತೆ ಹಿತ್ತಾಳೆ ತೂಕ ಜಾಸ್ತಿ, ಪೆಟ್ಟಿಗೆಯಲ್ಲಿ ಜಾಗ ನೋಡಿಕೊಂಡು ಚೌಕಾಸಿ ಶುರುಮಾಡಿ.”